ಪುಟ್ಟ ಸ್ಪೋರ್ಟ್ಸ್ ಕಾರಿಗೆ ಹಗುರ ಫ್ಲೈವ್ಹೀಲ್, ಅದಕ್ಕೊಪ್ಪುವ ಕ್ಲಚ್: ಮಿಯಾಟಾ ಲೆಕ್ಕದಲ್ಲಿ ಒಂದು ಸಮಗ್ರ ಮಾರ್ಗದರ್ಶಿ

ಹಗುರ ಫ್ಲೈವ್ಹೀಲ್ ಹಾಕಿಸಿದರೆ ಎಂಜಿನ್ನಿನ ಪವರ್ ಒಂದು ಹಾರ್ಸ್‌ಪವರ್‌ನಷ್ಟೂ ಜಾಸ್ತಿ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಫ್ಲೈವ್ಹೀಲ್ ಅಂದರೆ ಎಂಜಿನ್ನಿನ ಹಿಂಬದಿಗೆ ಕೂತು ಅದರ ಜೊತೆಗೇ ತಿರುಗುವ ಭಾರದ ಲೋಹದ ಚಕ್ರ. ಅದರಿಂದ ಗೇರ್‌ಬಾಕ್ಸಿಗೆ ಬಲ ದಾಟಿಸುವುದು, ಪೆಡಲ್ ಒತ್ತಿದಾಗ ಬಿಡಿಸುವುದು ಕ್ಲಚ್. ಹಾಕಿಸಿಕೊಂಡವರೆಲ್ಲ "ಕಾರು ಹಾರುತ್ತೆ" ಅನ್ನುತ್ತಾರೆ, ಕೇಳಿದವರು ಪವರ್ ಬಂತು ಅಂದುಕೊಳ್ಳುತ್ತಾರೆ. ಬಂದದ್ದು ಪವರ್ ಅಲ್ಲ, ಚುರುಕು. ಎಂಜಿನ್ ತನ್ನನ್ನೇ ತಾನು ತಿರುಗಿಸಿಕೊಳ್ಳಲು ಖರ್ಚು ಮಾಡುತ್ತಿದ್ದ ಬಲದಲ್ಲಿ ಒಂದಿಷ್ಟು ಉಳಿದು ಚಕ್ರಕ್ಕೆ ಹೋಗುತ್ತದೆ, ಅಷ್ಟೇ. ಆ ಲಾಭ ಯಾವ ಗೇರಿನಲ್ಲಿ ಎಷ್ಟು ಅನ್ನುವುದು ಗೊತ್ತಾದರೆ ಯಾವ ತೂಕದ್ದು ಕೊಳ್ಳಬೇಕು ಅನ್ನುವುದೂ ಗೊತ್ತಾಗುತ್ತದೆ.

ಲೆಕ್ಕಕ್ಕೆ ಒಂದು ಕಾರು ಬೇಕಲ್ಲ, ಮಜ್ದಾ ಎಂಎಕ್ಸ್-5 ತೆಗೆದುಕೊಂಡಿದ್ದೇನೆ. 1989ರಲ್ಲಿ ಬಂದ ಮೊದಲ ತಲೆಮಾರಿನದು. ಅಮೆರಿಕದಲ್ಲಿ ಇದು ಮಿಯಾಟಾ, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್. ತೂಕ ಹತ್ತಿರ ಹತ್ತಿರ ಒಂದು ಟನ್. ಎಂಜಿನ್ ಮುಂದೆ, ಎಳೆಯುವುದು ಹಿಂದಿನ ಚಕ್ರ. ಮೊದಲು 1.6 ಲೀಟರ್ ಎಂಜಿನ್, 1994ರ ಮಾಡೆಲ್‌ನಿಂದ 1.8. ಭಾರತದಲ್ಲಿ ಈ ಕಾರನ್ನು ಕಂಪನಿ ಮಾರಲಿಲ್ಲ. ಆದರೆ ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾ ಕಡೆ ಇರುವ ನಮ್ಮವರು ಭಾನುವಾರದ ಖುಷಿಗೆ ಅಂತ ಹಳೆಯದೊಂದನ್ನು ಇಟ್ಟುಕೊಳ್ಳುವುದು ಉಂಟು. ಬೇರೆ ಕಾರಿದ್ದವರಿಗೂ ದಾರಿ ಇದೇ, ಅಂಕಿ ಮಾತ್ರ ಬದಲು.

ಮೊದಲ ಹೆಜ್ಜೆ: ಗೇರ್ ಗೇರಿಗೂ ಲಾಭ ಎಷ್ಟು, ಲೆಕ್ಕ ಹಾಕಿ

ತಿರುಗುವ ವಸ್ತುವಿನಲ್ಲಿ ಬರೀ ತೂಕ ಮುಖ್ಯವಲ್ಲ. ಆ ತೂಕ ನಡುವಿನಿಂದ ಎಷ್ಟು ದೂರದಲ್ಲಿದೆ ಅನ್ನುವುದು ಇನ್ನೂ ಮುಖ್ಯ. ಅಂಚಿನಲ್ಲಿ ತೆಗೆದ ಒಂದು ಕೆ.ಜಿ.ಗೆ ನಡುವಿನಲ್ಲಿ ತೆಗೆದ ಒಂದು ಕೆ.ಜಿ. ಎಂದೂ ಸಮ ಅಲ್ಲ. ಹಾಗಾಗಿ ಜಾಹೀರಾತಿನಲ್ಲಿ "4 ಕೆ.ಜಿ. ಮಾತ್ರ" ಅಂತಿದ್ದರೆ ಅದು ಅರ್ಧ ಮಾಹಿತಿ. ತೂಕ ಎಲ್ಲಿಂದ ಕಮ್ಮಿ ಮಾಡಿದ್ದಾರೆ ಅಂತ ಫೋಟೋ ನೋಡಿ.

ಈಗ ಮಿಯಾಟಾ ಲೆಕ್ಕ. ಕಂಪನಿಯ ಫ್ಲೈವ್ಹೀಲ್ ಸುಮಾರು 8 ಕೆ.ಜಿ. ಅಂತ ಇಟ್ಟುಕೊಳ್ಳಿ. ಅದರ ಬದಲು ಮೂರೂವರೆ ಕೆ.ಜಿ. ಕಮ್ಮಿ ಇರುವುದನ್ನು ಹಾಕುತ್ತೀರಿ. ತೆಗೆದ ತೂಕ ಸರಾಸರಿ ನಡುವಿನಿಂದ 10 ಸೆಂ.ಮೀ. ದೂರದಲ್ಲಿತ್ತು ಅಂತಲೂ ಇಟ್ಟುಕೊಳ್ಳಿ. ತೂಕವನ್ನು ದೂರದ ವರ್ಗದಿಂದ ಗುಣಿಸಬೇಕು: 3.5 × 0.1 × 0.1, ಅಂದರೆ 0.035. ಇದನ್ನು ಮೊದಲ ಗೇರಿನ ಅನುಪಾತ 3.136 ಮತ್ತು ಹಿಂದಿನ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ಲಿನ 4.3, ಇವೆರಡರ ಗುಣಲಬ್ಧದ ವರ್ಗದಿಂದ ಗುಣಿಸಿ. ಬಂದದ್ದನ್ನು ಟೈರಿನ ತ್ರಿಜ್ಯದ ವರ್ಗದಿಂದ ಭಾಗಿಸಿ. ಆ ಕಾಲದ 14 ಇಂಚಿನ ಚಕ್ರಕ್ಕೆ ಉರುಳುವ ತ್ರಿಜ್ಯ ಸುಮಾರು 0.28 ಮೀಟರ್. ಉತ್ತರ: 81 ಕೆ.ಜಿ.

ಅಂದರೆ ಮೊದಲ ಗೇರಿನಲ್ಲಿ ವೇಗ ಪಡೆಯುವಾಗ ಪಕ್ಕದ ಸೀಟಿನಲ್ಲಿದ್ದ ಗಟ್ಟಿ ಆಳೊಬ್ಬರನ್ನು ಇಳಿಸಿಬಿಟ್ಟ ಹಾಗೆ. ಒಂದು ಟನ್ನಿನ ಕಾರಿಗೆ ಇದು ಸಣ್ಣ ಮಾತಲ್ಲ.

ಇದೇ ಲೆಕ್ಕವನ್ನು ಮುಂದಿನ ಗೇರುಗಳಿಗೂ ಮಾಡಿ. ಎರಡನೆಯದು 1.888, ಲಾಭ 29 ಕೆ.ಜಿ. ಮೂರನೆಯದು 1.330, ಲಾಭ 15 ಕೆ.ಜಿ. ಒಳಗೆ. ನಾಲ್ಕನೆಯದು 1.000, ಬರೀ 8 ಕೆ.ಜಿ. ಐದರಲ್ಲಿ ಐದೂವರೆ ಕೆ.ಜಿ., ಅಂದರೆ ಒಂದು ಸಣ್ಣ ಅಕ್ಕಿ ಚೀಲದಷ್ಟು. ಹೈವೇಯಲ್ಲಿ ಐದನೇ ಗೇರಿನಲ್ಲಿ ಓವರ್‌ಟೇಕ್ ಮಾಡುವಾಗ ನಿಮಗೆ ಏನೂ ಗೊತ್ತಾಗುವುದಿಲ್ಲ.

ಲಾಭವೆಲ್ಲ ಇರುವುದು ಒಂದು ಮತ್ತು ಎರಡರಲ್ಲಿ. ಟ್ರಾಫಿಕ್ಕಿನಲ್ಲಿ ನೀವು ಇರುವುದೂ ಒಂದು ಎರಡರಲ್ಲೇ ಅಲ್ವಾ? ಹಗುರ ಫ್ಲೈವ್ಹೀಲ್ ಕಾಟ ಕೊಡುವುದೂ ಅಲ್ಲೇ. ಇಡೀ ಆಯ್ಕೆಯ ತಲೆನೋವು ಇರುವುದು ಇಷ್ಟರಲ್ಲಿ.

ಎರಡನೇ ಹೆಜ್ಜೆ: ಕಾಟ ಎಷ್ಟು ತಡೆಯುತ್ತೀರಿ, ನಿರ್ಧಾರ ಮಾಡಿ

ನಿಂತ ಕಾರನ್ನು ಎಬ್ಬಿಸುವಾಗ ನೀವು ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ ಬಿಡುತ್ತೀರಿ. ಆಗ ಕಾರನ್ನು ಮುಂದಕ್ಕೆ ತಳ್ಳುವುದರಲ್ಲಿ ಫ್ಲೈವ್ಹೀಲ್ ಒಳಗೆ ಆಗಲೇ ಕೂಡಿಟ್ಟ ಶಕ್ತಿಗೂ ಪಾಲಿದೆ. ಅದೇ 8 ಕೆ.ಜಿ.ಯದು 1500 ಆರ್‌ಪಿಎಂನಲ್ಲಿ ಸುಮಾರು 990 ಜೂಲ್ ಹಿಡಿದಿಟ್ಟುಕೊಂಡಿರುತ್ತದೆ. ಒಂದು ಟನ್ ಕಾರು ಗಂಟೆಗೆ 5 ಕಿ.ಮೀ. ವೇಗದಲ್ಲಿ ಹೋಗುವಾಗ ಅದರಲ್ಲಿರುವ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ, 965 ಜೂಲ್. ಮೂರೂವರೆ ಕೆ.ಜಿ. ತೆಗೆದರೆ ಆ 990 ಹೋಗಿ 555ಕ್ಕೆ ಇಳಿಯುತ್ತದೆ. ಹೊಸಬರು ಕ್ಲಚ್ ಒರಟಾಗಿ ಬಿಟ್ಟರೂ ಕಾರು ಆಫ್ ಆಗದೆ ಹೊರಡುತ್ತದಲ್ಲ, ಅದಕ್ಕೆ ಕಾರಣ ಈ ಉಳಿತಾಯ. ಅದನ್ನು ಅರ್ಧದ ಹತ್ತಿರಕ್ಕೆ ಇಳಿಸಿಕೊಂಡ ಮೇಲೆ ಕಾಲು ನಾಜೂಕಾಗಬೇಕು, ಇಲ್ಲವೇ ಆಕ್ಸಿಲರೇಟರ್ ಹೆಚ್ಚು ಕೊಡಬೇಕು. ಹೆಚ್ಚು ಕೊಟ್ಟರೆ ಕ್ಲಚ್ ಜಾಸ್ತಿ ಉಜ್ಜುತ್ತದೆ, ಜಾಸ್ತಿ ಸವೆಯುತ್ತದೆ.

ಈಗ ನಿಮ್ಮ ಓಡಾಟ ನೋಡಿಕೊಳ್ಳಿ. ಸ್ಯಾನ್ ಫ್ರಾನ್ಸಿಸ್ಕೋದಂಥ ಏರುಬೀದಿಗಳ ಊರಿನಲ್ಲಿ ದಿನಾ ಆಫೀಸಿಗೆ ಹೋಗುವ ಕಾರಾ? ಹಾಗಾದರೆ ಒಂದೂವರೆ, ಎರಡು ಕೆ.ಜಿ. ಕಮ್ಮಿ ಮಾಡಿ ಸುಮ್ಮನಿರಿ. ವಾರಕ್ಕೊಮ್ಮೆ ಬೆಟ್ಟದ ರಸ್ತೆಯಲ್ಲಿ ಓಡಿಸಲು, ಆಗೊಮ್ಮೆ ಈಗೊಮ್ಮೆ ಟ್ರ್ಯಾಕಿಗೆ ಹೋಗಲು ಇಟ್ಟುಕೊಂಡದ್ದಾ? ಮೂರು, ಮೂರೂವರೆ ಕೆ.ಜಿ. ಕಮ್ಮಿ ಮಾಡಬಹುದು. ಬರೀ ರೇಸಿಗೆ ಅಂದರೆ ಎಷ್ಟು ಹಗುರವಾದರೂ ಸರಿ, ಅಲ್ಲಿ ಸಿಗ್ನಲ್ ಇಲ್ಲ. ಮನೆಯಲ್ಲಿ ಇನ್ನೊಬ್ಬರೂ ಅದೇ ಕಾರು ಓಡಿಸುವುದಾದರೆ ಅವರ ಕಾಲನ್ನೂ ಲೆಕ್ಕಕ್ಕೆ ಸೇರಿಸಿ. ಈ ಕಾರಣಕ್ಕೆ ಮನೆಯಲ್ಲಿ ಜಗಳ ಆಗುತ್ತದೆ, ತಮಾಷೆಗೆ ಹೇಳುತ್ತಿಲ್ಲ.

ಮೂರನೇ ಹೆಜ್ಜೆ: ಫ್ಲೈವ್ಹೀಲ್‌ಗಿಂತ ಮೊದಲು ಕ್ಲಚ್ ಆರಿಸಿ

ಎಲ್ಲರೂ ಫ್ಲೈವ್ಹೀಲ್ ಕೊಂಡು ಆಮೇಲೆ ಅದಕ್ಕೆ ಕ್ಲಚ್ ಹುಡುಕುತ್ತಾರೆ. ಉಲ್ಟಾ ಮಾಡಿ. ಕ್ಲಚ್ಚಿನ ಅಳತೆಯೇ ಫ್ಲೈವ್ಹೀಲ್ ಯಾವುದು ಅನ್ನುವುದನ್ನು ತೀರ್ಮಾನ ಮಾಡುತ್ತದೆ.

1.6 ಎಂಜಿನ್ನಿನ ಕಂಪನಿ ಕ್ಲಚ್ ಪ್ಲೇಟು 200 ಮಿ.ಮೀ. 1.8ರದ್ದು 215 ಮಿ.ಮೀ. ಆ ಪ್ಲೇಟನ್ನು ಫ್ಲೈವ್ಹೀಲಿಗೆ ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಬೋಲ್ಟುಗಳ ಜಾಗವೂ ಬೇರೆ. ಹಾಗಾಗಿ 215ರ ಕ್ಲಚ್ಚಿಗೆ 1.8ರ ಫ್ಲೈವ್ಹೀಲೇ ಬೇಕು. ಒಳ್ಳೆಯ ವಿಷಯ ಏನೆಂದರೆ 1.8ರ ಫ್ಲೈವ್ಹೀಲ್ 1.6ರ ಕ್ರ್ಯಾಂಕಿಗೂ (ಎಂಜಿನ್ನಿನ ಮುಖ್ಯ ತಿರುಗುವ ದಂಡ) ಸರಿಯಾಗಿ ಕೂರುತ್ತದೆ. ಅದಕ್ಕೇ 1.6 ಇಟ್ಟುಕೊಂಡ ಎಷ್ಟೋ ಜನ ಎರಡನ್ನೂ ಒಟ್ಟಿಗೆ 1.8ರ ಅಳತೆಗೆ ಬದಲಾಯಿಸಿಬಿಡುತ್ತಾರೆ. ದೊಡ್ಡ ಅಳತೆಯ ಭಾಗ ಸಿಗುವುದು ಸುಲಭ, ಮುಂದೆ ಟರ್ಬೊ ಆಸೆ ಹುಟ್ಟಿದರೂ ತಡೆಯುತ್ತದೆ.

ಕ್ಲಚ್ ಎಷ್ಟು ಟಾರ್ಕ್, ಅಂದರೆ ತಿರುಗಿಸುವ ಬಲ, ಹಿಡಿಯುತ್ತದೆ ಅನ್ನುವುದಕ್ಕೆ ನಾಲ್ಕು ಅಂಕಿ ಸಾಕು: ಪ್ಲೇಟಿನ ಹಿಡಿತದ ಗುಣಾಂಕ, ಪ್ರೆಷರ್ ಪ್ಲೇಟ್ ಒತ್ತುವ ಬಲ, ಉಜ್ಜುವ ಪಟ್ಟಿಯ ಸರಾಸರಿ ತ್ರಿಜ್ಯ, ಉಜ್ಜುವ ಮುಖಗಳು ಎಷ್ಟು. ಇವನ್ನು ಗುಣಿಸಿದರೆ ಆಯಿತು. ಉದಾಹರಣೆಗೆ ಗುಣಾಂಕ 0.3, ಬಲ 4000 ನ್ಯೂಟನ್, ತ್ರಿಜ್ಯ 0.085 ಮೀಟರ್, ಮುಖ 2 ಅಂತ ಹಿಡಿದರೆ 204 ನ್ಯೂಟನ್ ಮೀಟರ್. 1.6 ಎಂಜಿನ್ ಕೊಡುವುದು ಸುಮಾರು 135, 1.8 ಕೊಡುವುದು ಸುಮಾರು 149. ಅಂದರೆ ಇಂಥ ಕ್ಲಚ್ಚು 1.6ಕ್ಕೆ ಒಂದೂವರೆ ಪಟ್ಟು. ರಸ್ತೆ ಕಾರಿಗೆ ಅಷ್ಟಿದ್ದರೆ ಬೇಕಾದಷ್ಟಾಯಿತು. ಪ್ಲೇಟು 200ರಿಂದ 215ಕ್ಕೆ ಏರಿದರೆ ಒತ್ತುವ ಬಲ ಅಷ್ಟೇ ಇದ್ದರೂ ಹಿಡಿತ ಶೇ. 7.5ರಷ್ಟು ಜಾಸ್ತಿ. ಪೆಡಲ್ ಗಟ್ಟಿಯಾಗದೆ ಸಿಗುವ ಲಾಭ ಇದು.

ಎಂಜಿನ್ ಕಂಪನಿಯಿಂದ ಬಂದ ಹಾಗೇ ಇದೆ ಅಂದಮೇಲೆ "ಸ್ಟೇಜ್ 3" ಕ್ಲಚ್ ಯಾಕೆ ಬೇಕು? ಬೇಡವೇ ಬೇಡ. ಮಾರುವವರು ಕೊಡುವ ಈ ಸ್ಟೇಜ್ ನಂಬರುಗಳಿಗೆ ಎಲ್ಲರೂ ಒಪ್ಪಿದ ಅಳತೆ ಅಂತ ಒಂದಿಲ್ಲ. ಒಬ್ಬರ ಎರಡು ಇನ್ನೊಬ್ಬರ ಮೂರು. ಎಷ್ಟು ನ್ಯೂಟನ್ ಮೀಟರ್ ಹಿಡಿಯುತ್ತದೆ ಅಂತ ಮಾತ್ರ ಕೇಳಿ. ಭಾರೀ ಪ್ರೆಷರ್ ಪ್ಲೇಟಿನ ತೊಂದರೆ ನಿಮ್ಮ ಮೊಣಕಾಲಿಗೆ ಮಾತ್ರ ಅಲ್ಲ. ಪೆಡಲ್ ಒತ್ತಿದಾಗಲೆಲ್ಲ ಆ ಬಲ ಕ್ರ್ಯಾಂಕನ್ನು ಮುಂದಕ್ಕೆ ದೂಡುತ್ತದೆ, ಅದನ್ನು ತಡೆಯುವುದು ಥ್ರಸ್ಟ್ ಬೇರಿಂಗ್. ಸಿಗ್ನಲ್ಲಿನಲ್ಲಿ ಗೇರ್ ಹಾಕಿ ಪೆಡಲ್ ತುಳಿದುಕೊಂಡು ನಿಲ್ಲುವವರು ಇದನ್ನು ನೆನಪಿಟ್ಟುಕೊಳ್ಳಿ.

ಪ್ಲೇಟಿನ ಮೇಲಿನ ಪಟ್ಟಿ ಯಾವುದಿರಬೇಕು? ಆರ್ಗಾನಿಕ್ ಅಂತ ಕರೆಯುವ ಮಾಮೂಲಿಯದು ಮೆತ್ತಗೆ ಹಿಡಿಯುತ್ತದೆ, ಹಾಫ್ ಕ್ಲಚ್ ಆರಾಮ. ಸೆರಾಮಿಕ್ ತುಂಡುಗಳ, ನಾಲ್ಕು ಅಥವಾ ಆರು ಹಲ್ಲಿನ ಪ್ಲೇಟು ಬಿಸಿ ಚೆನ್ನಾಗಿ ತಡೆಯುತ್ತದೆ, ಆದರೆ ಸ್ವಿಚ್ ಒತ್ತಿದ ಹಾಗೆ ತಟ್ಟನೆ ಹಿಡಿಯುತ್ತದೆ. ಹಗುರ ಫ್ಲೈವ್ಹೀಲ್ ಜೊತೆ ಅದು ಸೇರಿದರೆ ರಿವರ್ಸ್‌ನಲ್ಲಿ ಪಾರ್ಕ್ ಮಾಡುವುದೇ ಒಂದು ಸರ್ಕಸ್ಸು. ರಸ್ತೆಗೆ ಆರ್ಗಾನಿಕ್ಕೇ ಸರಿ.

ನಡುವಿನ ಭಾಗದಲ್ಲಿ ಸ್ಪ್ರಿಂಗ್ ಇರುವ ಪ್ಲೇಟನ್ನೇ ತೆಗೆದುಕೊಳ್ಳಿ. ನಾಲ್ಕು ಸಿಲಿಂಡರಿನ ಎಂಜಿನ್ ಒಂದೇ ಸಮ ತಿರುಗುವುದಿಲ್ಲ, ಅರ್ಧ ಸುತ್ತಿಗೊಮ್ಮೆ ಒಂದು ಒದೆತ ಕೊಡುತ್ತದೆ. ಆ ಒದೆತವನ್ನು ಮೊದಲು ಭಾರದ ಫ್ಲೈವ್ಹೀಲ್ ನುಂಗುತ್ತಿತ್ತು. ಈಗ ಅದು ಹಗುರ. ಸ್ಪ್ರಿಂಗೂ ಇಲ್ಲದಿದ್ದರೆ ಪೂರ್ತಿ ಗೇರ್‌ಬಾಕ್ಸಿಗೇ ಬಡಿಯುತ್ತದೆ.

ಇನ್ನೊಂದು ವಿಷಯ, ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ಗೇರ್ ಬದಲಿಸುವಾಗ ಪೆಡಲ್ ಒತ್ತಿದ ಕ್ಷಣದಲ್ಲಿ ಫ್ಲೈವ್ಹೀಲ್ ಗೇರ್‌ಬಾಕ್ಸಿನಿಂದ ಬಿಟ್ಟುಹೋಗಿರುತ್ತದೆ. ಆದರೆ ಕ್ಲಚ್ ಪ್ಲೇಟು ಗೇರ್‌ಬಾಕ್ಸಿನ ಒಳಕ್ಕೆ ಹೋಗುವ ಇನ್‌ಪುಟ್ ಶಾಫ್ಟಿಗೆ ಅಂಟಿಕೊಂಡೇ ಇರುತ್ತದೆ. ಅದರ ವೇಗ ಇಳಿಸಬೇಕಾದದ್ದು ಗೇರ್‌ಬಾಕ್ಸಿನೊಳಗೆ ಗೇರುಗಳ ವೇಗ ಹೊಂದಿಸುವ ಸಿಂಕ್ರೊ ರಿಂಗು. ಪ್ಲೇಟು ಭಾರವಾದಷ್ಟೂ ಸಿಂಕ್ರೊಗೆ ಕೆಲಸ ಜಾಸ್ತಿ, ಎರಡನೇ ಗೇರ್ ತಡವರಿಸುತ್ತದೆ. ಅಂದರೆ ಗೇರ್ ಬೆಣ್ಣೆಯಂತೆ ಬೀಳಬೇಕಾದರೆ ಹಗುರ ಇರಬೇಕಾದದ್ದು ಪ್ಲೇಟು. ಫ್ಲೈವ್ಹೀಲ್ ಹಗುರ ಮಾಡಿ ಎರಡನೇ ಗೇರಿನ ಕಿರಿಕಿರಿ ಹೋಗಲಿಲ್ಲ ಅಂದರೆ ಆಶ್ಚರ್ಯ ಬೇಡ. ಎರಡು ಪ್ಲೇಟುಗಳ ನಡುವೆ ಆಯ್ಕೆ ಬಂದರೆ ತಕ್ಕಡಿಗೆ ಹಾಕಿ ನೋಡಿ, ಇಲ್ಲವೇ ಮಾರುವವರನ್ನು ತೂಕ ಕೇಳಿ.

ನಾಲ್ಕನೇ ಹೆಜ್ಜೆ: ಫ್ಲೈವ್ಹೀಲ್ ಯಾವ ಲೋಹದ್ದು

ಕಂಪನಿಯದು ಬೀಡು ಕಬ್ಬಿಣದ್ದಾದರೆ ಅದನ್ನೇ ಲೇತಿಗೆ ಹಾಕಿಸಿ ಹಿಂಬದಿ ಕೆತ್ತಿಸುವ ಐಡಿಯಾ ಬರುತ್ತದೆ. ಕಮ್ಮಿ ಖರ್ಚು, ನಿಜ. ಆದರೆ ಬೀಡು ಕಬ್ಬಿಣ ಎಳೆತಕ್ಕೆ ದುರ್ಬಲ. ವೇಗವಾಗಿ ತಿರುಗುವಾಗ ಅದರ ಮೇಲೆ ಬೀಳುವುದು ಎಳೆತವೇ. ಕೆತ್ತಿದ ಮೂಲೆಯಲ್ಲಿ ಬಿರುಕು ಹುಟ್ಟಿ 7000 ಆರ್‌ಪಿಎಂನಲ್ಲಿ ಒಡೆದರೆ ತುಂಡುಗಳು ಫ್ಲೈವ್ಹೀಲನ್ನು ಮುಚ್ಚಿರುವ ಬೆಲ್ ಹೌಸಿಂಗ್ ಸೀಳಿಕೊಂಡು ಬರುತ್ತವೆ. ನಿಮ್ಮ ಪಾದ ಇರುವುದು ಅಲ್ಲೇ ಪಕ್ಕದಲ್ಲಿ. ಉಜ್ಜುವ ಮುಖವನ್ನು ನಯ ಮಾಡಿಸುವುದು ಬೇರೆ, ತೂಕ ಇಳಿಸಲು ಕೆತ್ತುವುದು ಬೇರೆ. ಎರಡನೆಯದಕ್ಕೆ ಕೈ ಹಾಕಬೇಡಿ.

ಉಳಿದದ್ದು ಎರಡು: ಕ್ರೋಮೊಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ) ಉಕ್ಕು, ಅಲ್ಯೂಮಿನಿಯಂ. ಉಕ್ಕಿನದು ಒಂದೇ ತುಂಡಿನಲ್ಲಿ ಬರುತ್ತದೆ. ಮುಖ ಸವೆದರೆ ಮಿತಿಯೊಳಗೆ ಮತ್ತೆ ನಯ ಮಾಡಿಸಬಹುದು. ಅಲ್ಯೂಮಿನಿಯಂ ಇನ್ನೂ ಹಗುರ. ಆದರೆ ಅಲ್ಯೂಮಿನಿಯಂ ಮೇಲೆ ಕ್ಲಚ್ ಉಜ್ಜಲು ಆಗುವುದಿಲ್ಲ, ಅದಕ್ಕೇ ಉಕ್ಕಿನ ತಟ್ಟೆಯೊಂದನ್ನು ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಸ್ಟಾರ್ಟರಿನ ರಿಂಗ್ ಗೇರೂ ಉಕ್ಕಿನದೇ. ತಟ್ಟೆ ಸವೆದರೆ ಅದೊಂದನ್ನೇ ಬದಲಿಸಬಹುದು, ಬಿಡಿಯಾಗಿ ಸಿಗುತ್ತದಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಬಿಸಿಗೆ ಅಲ್ಯೂಮಿನಿಯಂ ಹಿಗ್ಗುವುದು ಉಕ್ಕಿನ ಸುಮಾರು ಎರಡು ಪಟ್ಟು. ಹಾಗಾಗಿ ತಟ್ಟೆಯ ಬೋಲ್ಟುಗಳ ಗುಣಮಟ್ಟ ಬಹಳ ಮುಖ್ಯ. ಹೆಸರಿಲ್ಲದ ಅಗ್ಗದ ಮಾಲು ಬೇಡ ಅನ್ನುವುದು ಇದಕ್ಕೇ.

ಬಿಸಿಯ ವಿಷಯದಲ್ಲಿ ಒಂದು ತಮಾಷೆ ಇದೆ. ಅಲ್ಯೂಮಿನಿಯಂ ಬಿಸಿ ತಡೆಯುವುದಿಲ್ಲ ಅನ್ನುವ ಮಾತು ಎಲ್ಲ ಕಡೆ ಕೇಳುತ್ತದೆ. ಲೆಕ್ಕ ಬೇರೆ ಹೇಳುತ್ತದೆ. ಕೆ.ಜಿ.ಗೆ ಕೆ.ಜಿ. ಹೋಲಿಸಿದರೆ ಅಲ್ಯೂಮಿನಿಯಂ ಉಕ್ಕಿನ ಹತ್ತಿರ ಹತ್ತಿರ ಎರಡರಷ್ಟು ಬಿಸಿ ಹೀರುತ್ತದೆ. ಎರಡೂವರೆ ಕೆ.ಜಿ. ಅಲ್ಯೂಮಿನಿಯಂ, ಒಂದೂವರೆ ಕೆ.ಜಿ. ಉಕ್ಕು ಇರುವ 4 ಕೆ.ಜಿ. ಫ್ಲೈವ್ಹೀಲ್ ಒಂದು ಡಿಗ್ರಿ ಏರಲು ಸುಮಾರು 3 ಕಿಲೊಜೂಲ್ ಬೇಕು. 5 ಕೆ.ಜಿ. ಉಕ್ಕಿನದಕ್ಕೆ 2.4 ಸಾಕು. ಅಂದರೆ ಹಗುರ ಉಕ್ಕಿನದೇ ಬೇಗ ಕಾಯುವುದು! ಅಲ್ಯೂಮಿನಿಯಂನ ದುರ್ಬಲ ಜಾಗ ಆ ತೆಳು ತಟ್ಟೆ. ಒಂದೇ ಸಲಕ್ಕೆ ತುಂಬ ಉಜ್ಜಿದರೆ ಬಿಸಿ ಹಿಂದಕ್ಕೆ ಇಳಿಯುವುದರೊಳಗೆ ತಟ್ಟೆ ಸೊಟ್ಟಗಾಗಬಹುದು.

ನನ್ನನ್ನು ಕೇಳಿದರೆ ದಿನಬಳಕೆಯ ಮಿಯಾಟಾಕ್ಕೆ ಆರರಿಂದ ಆರೂವರೆ ಕೆ.ಜಿ.ಯ ಉಕ್ಕಿನದು. ವಾರಾಂತ್ಯದ ಕಾರಿಗೆ ನಾಲ್ಕೂವರೆ ಕೆ.ಜಿ. ಆಸುಪಾಸಿನ ಅಲ್ಯೂಮಿನಿಯಂ. ಎರಡಕ್ಕೂ ಒಂದೇ ಷರತ್ತು: ಎಸ್‌ಎಫ್‌ಐ 1.1 ಗುರುತು ಇರಬೇಕು. ಅಮೆರಿಕದ ರೇಸಿಂಗ್ ಸುರಕ್ಷತಾ ಮಾನದಂಡ ಅದು, ಬದಲಿ ಫ್ಲೈವ್ಹೀಲ್ ಮತ್ತು ಕ್ಲಚ್ಚುಗಳಿಗೆ ಅಂತಲೇ ಮಾಡಿದ್ದು. ರೇಸಿಗೆ ಹೋಗದಿದ್ದರೂ ಆ ಗುರುತಿಗೆ ಬೆಲೆ ಇದೆ.

ಹೊಸ ಕಾರುಗಳವರಿಗೆ ಒಂದು ಮಾತು. 2019ರ ಮಾಡೆಲ್‌ನ 2 ಲೀಟರ್ ಎಂಎಕ್ಸ್-5ರಲ್ಲಿ ಡ್ಯುಯಲ್ ಮಾಸ್ ಫ್ಲೈವ್ಹೀಲ್ ಇದೆ. ಎರಡು ಭಾಗ, ನಡುವೆ ಸ್ಪ್ರಿಂಗು. ಅಂಥದ್ದನ್ನು ತೆಗೆದು ಒಂದೇ ತುಂಡಿನದು ಹಾಕಿದರೆ ನ್ಯೂಟ್ರಲ್‌ನಲ್ಲಿ ಗೇರ್‌ಬಾಕ್ಸ್ ಗಲಗಲ ಅನ್ನುತ್ತದೆ. ಕ್ಲಚ್ ಪ್ಲೇಟನ್ನೂ ಸ್ಪ್ರಿಂಗ್ ಇರುವುದಕ್ಕೆ ಬದಲಿಸಲೇಬೇಕು.

ಐದನೇ ಹೆಜ್ಜೆ: ಜೊತೆಗೆ ತರಬೇಕಾದ ಸಣ್ಣಪುಟ್ಟ ಭಾಗ

ಗೇರ್‌ಬಾಕ್ಸ್ ಇಳಿಸುವುದೇ ಈ ಕೆಲಸದ ಮುಕ್ಕಾಲು ಪಾಲು. ಒಮ್ಮೆ ಇಳಿಸಿದ ಮೇಲೆ ನೂರಿನ್ನೂರು ಉಳಿಸಲು ಹಳೇ ಬೇರಿಂಗನ್ನೇ ಬಿಡುವುದು ಜಿಪುಣತನ. ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ಚನ್ನು ಬಿಡಿಸುವುದು), ಪೈಲಟ್ ಬೇರಿಂಗ್ (ಇನ್‌ಪುಟ್ ಶಾಫ್ಟಿನ ತುದಿಗೆ ಆಸರೆ), ಕ್ರ್ಯಾಂಕ್ ಹಿಂಬದಿಯ ಆಯಿಲ್ ಸೀಲ್, ಫ್ಲೈವ್ಹೀಲ್ ಬೋಲ್ಟುಗಳು, ಪ್ಲೇಟ್ ನಡುವಿಗೆ ಕೂರಿಸುವ ಪ್ಲಾಸ್ಟಿಕ್ ಅಲೈನ್‌ಮೆಂಟ್ ಕಡ್ಡಿ, ಇಷ್ಟೂ ಮುಂಚೆಯೇ ತಂದಿಟ್ಟುಕೊಳ್ಳಿ. ಮಿಯಾಟಾದಲ್ಲಿ ಪೆಡಲಿನ ಒತ್ತಡವನ್ನು ಕ್ಲಚ್ಚಿಗೆ ತಲುಪಿಸುವ ಸ್ಲೇವ್ ಸಿಲಿಂಡರ್ ಸೋರುವುದು ಹೊಸ ಸುದ್ದಿಯೇನಲ್ಲ. ಅದು ಗೇರ್‌ಬಾಕ್ಸಿನ ಹೊರಗೇ ಇರುವುದರಿಂದ ಯಾವಾಗ ಬೇಕಾದರೂ ಬದಲಿಸಬಹುದು, ಆದರೂ ಹಳೆಯದಾಗಿದ್ದರೆ ಈಗಲೇ ಮುಗಿಸಿಬಿಡಿ.

ಆರನೇ ಹೆಜ್ಜೆ: ಜೋಡಿಸುವಾಗ ಎಲ್ಲಿ ಕಣ್ಣಿಡಬೇಕು

ಮೆಕ್ಯಾನಿಕ್ ಹತ್ತಿರ ಮಾಡಿಸಿದರೂ ಇದನ್ನು ಓದಿಕೊಳ್ಳಿ, ನಿಂತು ನೋಡಲು ಬೇಕಾಗುತ್ತದೆ.

ಈ ಕಾರಿನಲ್ಲಿ ಗೇರ್‌ಬಾಕ್ಸಿನಿಂದ ಹಿಂದಿನ ಡಿಫರೆನ್ಷಿಯಲ್ ತನಕ ಪವರ್ ಪ್ಲಾಂಟ್ ಫ್ರೇಮ್ ಅನ್ನುವ ಉದ್ದನೆಯ ಅಲ್ಯೂಮಿನಿಯಂ ತೊಲೆ ಇದೆ. ಅದನ್ನು ಬಿಚ್ಚುವ ಮೊದಲು ಗೇರ್‌ಬಾಕ್ಸಿಗೂ ಎಂಜಿನ್ನಿಗೂ ಆಸರೆ ಕೊಡಿ. ವಾಪಸ್ ಹಾಕುವಾಗ ಮ್ಯಾನ್ಯುಯಲ್ ಹೇಳಿದ ಎತ್ತರಕ್ಕೆ ಸರಿಯಾಗಿ ಕೂರಿಸಿ, ಇಲ್ಲದಿದ್ದರೆ ಆಮೇಲೆ ಬರುವ ನಡುಕಕ್ಕೆ ಪಾಪ ಹೊಸ ಫ್ಲೈವ್ಹೀಲನ್ನು ಬೈಯುತ್ತೀರಿ. ಬೆಲ್ ಹೌಸಿಂಗಿನ ಮೇಲಿನ ಬೋಲ್ಟುಗಳಿಗೆ ಕೈ ಹೋಗುವುದಿಲ್ಲ. ಉದ್ದನೆಯ ಎಕ್ಸ್‌ಟೆನ್ಷನ್ ರಾಡು ಇಲ್ಲದೆ ಶುರು ಮಾಡಬೇಡಿ.

ಹೊಸ ಫ್ಲೈವ್ಹೀಲ್ ಮೇಲೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಸವರಿ ಕಳಿಸಿರುತ್ತಾರೆ. ಬ್ರೇಕ್ ಕ್ಲೀನರ್ ಹಾಕಿ, ನೂಲು ಬಿಡದ ಬಟ್ಟೆಯಲ್ಲಿ, ಬಟ್ಟೆ ಬೆಳ್ಳಗೆ ಬರುವ ತನಕ ಒರೆಸಿ. ಆಮೇಲೆ ಉಜ್ಜುವ ಮುಖ ಮುಟ್ಟಬೇಡಿ. ಪ್ರೆಷರ್ ಪ್ಲೇಟ್ ಕೂರುವ ಡವೆಲ್ ಪಿನ್ನುಗಳು ಹೊಸದರಲ್ಲಿ ಇವೆಯಾ ನೋಡಿ, ಕೆಲವು ಸಲ ಹಳೆಯದರಿಂದ ಕಿತ್ತು ಹಾಕಬೇಕಾಗುತ್ತದೆ.

ಫ್ಲೈವ್ಹೀಲಿನ ಆರು ಬೋಲ್ಟುಗಳನ್ನು ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಕೊನೆಯ ಬಿಗಿ 96ರಿಂದ 103 ನ್ಯೂಟನ್ ಮೀಟರ್. ಪ್ರೆಷರ್ ಪ್ಲೇಟ್ ಬೋಲ್ಟಿಗೆ 18ರಿಂದ 26 ಸಾಕು. ಹೊಸ ಫ್ಲೈವ್ಹೀಲ್ ಮಾಡಿದವರು ಬೇರೆ ಅಂಕಿ ಕೊಟ್ಟಿದ್ದರೆ ಅವರ ಮಾತೇ ಅಂತಿಮ. ಬೋಲ್ಟಿನ ಎಳೆಗಳಿಗೆ ಮ್ಯಾನ್ಯುಯಲ್ ಹೇಳಿದ ಸೀಲೆಂಟ್ ಹಚ್ಚಿ, ಅಲ್ಲಿಂದ ಆಯಿಲ್ ಒಸರಿದರೆ ಹೊಸ ಕ್ಲಚ್ ಹಾಳು. ಪ್ಲೇಟಿನ ಸ್ಪ್ರಿಂಗ್ ಉಬ್ಬಿರುವ ಬದಿ ಗೇರ್‌ಬಾಕ್ಸ್ ಕಡೆಗೆ. ಪ್ಲೇಟು ಕೂರುವ ಇನ್‌ಪುಟ್ ಶಾಫ್ಟಿನ ಹಲ್ಲುಗಳಿಗೆ (ಸ್ಪ್ಲೈನ್) ಗ್ರೀಸ್ ತೆಳುವಾಗಿ ಸವರಿ, ಜಾಸ್ತಿಯಾದರೆ ಹಾರಿ ಪ್ಲೇಟಿಗೆ ಬೀಳುತ್ತದೆ.

ತೂಕ ಇಳಿಸುವ ಹುಮ್ಮಸ್ಸಿನಲ್ಲಿ ಕ್ರ್ಯಾಂಕ್ ಮುಂದಿನ ಪುಲ್ಲಿಯನ್ನೂ ಬರೀ ಅಲ್ಯೂಮಿನಿಯಂನದಕ್ಕೆ ಬದಲಿಸಬೇಡಿ. ರಬ್ಬರ್ ಡ್ಯಾಂಪರ್ ಇರುವ ಪುಲ್ಲಿ ಕ್ರ್ಯಾಂಕಿನ ತಿರುಚು ಕಂಪನವನ್ನು ಹಿಡಿಯಲು ಇರುವುದು.

ಏಳನೇ ಹೆಜ್ಜೆ: ಪಳಗಿಸಿ, ನೀವೂ ಪಳಗಿ

ಮೊದಲ 800 ಕಿ.ಮೀ. ಊರೊಳಗೆ ಮೆತ್ತಗೆ ಓಡಿಸಿ. ಆ ಕಿಲೋಮೀಟರುಗಳನ್ನು ಹೈವೇಯಲ್ಲಿ ಓಡಿಸಿ ಮುಗಿಸಿದರೆ ಲೆಕ್ಕಕ್ಕಿಲ್ಲ. ಪ್ಲೇಟು ಮುಖಕ್ಕೆ ಹೊಂದಿಕೊಳ್ಳುವುದು ಕ್ಲಚ್ ಒತ್ತಿ ಬಿಟ್ಟು ಮಾಡಿದಾಗ ಮಾತ್ರ.

ಗೇರ್ ಬದಲಿಸುವಾಗ ಈಗ ಕೈ ಬೇಗ ಆಡಬೇಕು. ಮೊದಲ ಗೇರಿನಲ್ಲಿ 6000 ತನಕ ಎಳೆದು ಎರಡಕ್ಕೆ ಹಾಕಿದರೆ ಎಂಜಿನ್ 3600ಕ್ಕೆ ಇಳಿಯಬೇಕು. ಮುಂಚೆ ಅದು ನಿಧಾನಕ್ಕೆ ಇಳಿಯುತ್ತಿತ್ತು, ನೀವು ಕ್ಲಚ್ ಬಿಡುವ ಹೊತ್ತಿಗೆ ಸರಿಹೋಗುತ್ತಿತ್ತು. ಈಗ ಸರ್ರನೆ ಇಳಿಯುತ್ತದೆ. ಹಳೇ ನಿಧಾನದಲ್ಲೇ ಬದಲಿಸಿದರೆ ಎಂಜಿನ್ ಆಗಲೇ ಕೆಳಗೆ ಹೋಗಿರುತ್ತದೆ, ಕ್ಲಚ್ ಬಿಟ್ಟ ಕೂಡಲೇ ಜರ್ಕ್. ಅದೇ ಇಳಿಜಾರಿನ ತಿರುವಿಗೆ ಮುಂಚೆ ಮೂರರಿಂದ ಎರಡಕ್ಕೆ ಬರುವಾಗ ಹಿಮ್ಮಡಿಯಿಂದ ಆಕ್ಸಿಲರೇಟರ್ ಚೂರು ತಟ್ಟಿ ನೋಡಿ. ಸೂಜಿ ತಟ್ಟನೆ ಏರುತ್ತದೆ, ಗೇರ್ ಸದ್ದಿಲ್ಲದೆ ಕೂರುತ್ತದೆ. ದುಡ್ಡು ಕೊಟ್ಟದ್ದು ಇದಕ್ಕೇ.

ಐಡಲ್ ಸ್ವಲ್ಪ ಕುಣಿದರೆ, ನ್ಯೂಟ್ರಲ್‌ನಲ್ಲಿ ಗೇರ್‌ಬಾಕ್ಸ್ ಸಣ್ಣಗೆ ಸದ್ದು ಮಾಡಿ ಪೆಡಲ್ ಒತ್ತಿದಾಗ ನಿಂತರೆ ಗಾಬರಿ ಬೇಡ, ಅದು ಹಗುರ ಫ್ಲೈವ್ಹೀಲಿನ ಗುಣ. ಪೆಡಲ್ ಒತ್ತಿದಾಗ ಸದ್ದು ಶುರುವಾದರೆ ಮಾತ್ರ ರಿಲೀಸ್ ಬೇರಿಂಗ್ ಮೇಲೆ ಅನುಮಾನ ಪಡಿ. ಓಬಿಡಿ-2 (ಎಂಜಿನ್ ದೋಷವನ್ನು ಕಾರೇ ಪತ್ತೆಹಚ್ಚುವ ವ್ಯವಸ್ಥೆ) ಬಂದ ನಂತರದ ಕಾರುಗಳಲ್ಲಿ ಮಿಸ್‌ಫೈರ್ ಕೋಡ್, ಅಂದರೆ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯಲಿಲ್ಲ ಅನ್ನುವ ಎಚ್ಚರಿಕೆ, ಸುಮ್ಮಸುಮ್ಮನೆ ಬರಬಹುದು. ಕಂಪ್ಯೂಟರ್ ಮಿಸ್‌ಫೈರ್ ಕಂಡುಹಿಡಿಯುವುದು ಕ್ರ್ಯಾಂಕಿನ ವೇಗದ ಏರಿಳಿತ ನೋಡಿ, ಆ ಏರಿಳಿತ ಈಗ ಜಾಸ್ತಿ. ಹಾಗಂತ ಕೋಡನ್ನು ಅಳಿಸಿ ಸುಮ್ಮನಾಗುವ ಮೊದಲು ಪ್ಲಗ್ಗು, ಪ್ಲಗ್ ವೈರು, ಕಾಯಿಲ್ ನೋಡಿಬಿಡಿ.

800 ಕಿ.ಮೀ. ಆದ ಮೇಲೆ ಒಂದು ಸಲ ಪೆಡಲ್ ಫ್ರೀ ಪ್ಲೇ (ಒತ್ತಿದಾಗ ಪೆಡಲ್ ಮೊದಲು ಸುಮ್ಮನೆ ಇಳಿಯುವ ದೂರ) ಸರಿಮಾಡಿಸಿ. ಕಾರಿನ ಅಡಿಗೆ ಹೋದಾಗ ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟನ್ನು ಬೆರಳಿನಲ್ಲಿ ಎತ್ತಿ ನೋಡಿ. ಒಳಗೆ ಒದ್ದೆ ಇದ್ದರೆ ಟ್ರ್ಯಾಕ್ ದಿನಕ್ಕೆ ಮುಂಚೆ ಅದನ್ನು ಬದಲಿಸಿ.